ಮತ ಕೇಳುವ ಕೈ, ನ್ಯಾಯ ತೂಗುವ ಕೈ

ನ್ಯಾಯಪೀಠವನ್ನು ಏರುವುದಕ್ಕಾಗಿ ಜನರ ಮನೆಬಾಗಿಲಿಗೆ ಹೋಗಿ ಮತ ಯಾಚಿಸುವ ಪದ್ಧತಿ ನಮ್ಮ ದೇಶದಲ್ಲಿಲ್ಲ. ಗ್ರಾಮ ಪಂಚಾಯತಿಯ ಸದಸ್ಯತ್ವದಿಂದ ಲೋಕಸಭೆಯ ಸದಸ್ಯತ್ವದವರೆಗೆ, ಹಳ್ಳಿಯ ಪತ್ತಿನ ಸಹಕಾರಿ ಸಂಘದಿಂದ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯವರೆಗೆ ನಮ್ಮಲ್ಲಿ ಎಲ್ಲಕ್ಕೂ ಚುನಾವಣೆ ಉಂಟು. ಕೋರ್ಟಿನ ಕುರ್ಚಿಗೆ ಮಾತ್ರ ಇಲ್ಲ. ಹೀಗಿರುವುದು ಒಳಿತೇ, ಕೆಡುಕೇ? ನ್ಯಾಯದ ಹೊಸ್ತಿಲಲ್ಲಿಯೇ ನಡೆಯುವ ಒಂದು ಚುನಾವಣೆ ನಮ್ಮ ತಾಲ್ಲೂಕುಗಳಲ್ಲಿಯೂ ಉಂಟಲ್ಲ, ಅದರ ವಿಷಯದಲ್ಲಿ ನಮ್ಮಂತಹ ಮನೆತನಗಳ ಹೊಣೆ ಏನು? ಈ ಎರಡು ಪ್ರಶ್ನೆಗಳನ್ನು ನನ್ನ ಅಲ್ಪ ಅನುಭವದ ಮಿತಿಯಲ್ಲಿ ಓದುಗ ಬಂಧುಗಳ ಮುಂದೆ ಇಡಬೇಕೆಂಬುದು ಈ ಲೇಖನದ ಉದ್ದೇಶ.

ನಾನು ನ್ಯಾಯಾಂಗ ಇಲಾಖೆಯಲ್ಲಿ ಕಾರಕೂನನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕು ಕೇಂದ್ರಗಳ ಕೋರ್ಟುಗಳಲ್ಲಿ ವರ್ಗಾವಣೆಯ ಸರದಿಯಂತೆ ಸೇವೆ ಸಲ್ಲಿಸಿದ್ದೇನೆ. ನಾನು ಸೇರಿದಾಗ ಜನರು ಅವುಗಳನ್ನು ಮುನಸೀಫ ಕೋರ್ಟು ಎಂದೇ ಕರೆಯುತ್ತಿದ್ದರು. ಇಂಡಿಯಲ್ಲಿ ನಿಂಬೆ ತೋಟಗಳ ಬಾವಿ ನೀರಿನ ಪಾಳಿಯ ತಂಟೆ, ಸಿಂದಗಿಯಲ್ಲಿ ಭೀಮಾತೀರದ ಹೊಲಗಳ ಒಡ್ಡಿನ ತಕರಾರು, ಮುದ್ದೇಬಿಹಾಳ ಹಾಗೂ ಬಾಗೇವಾಡಿಗಳಲ್ಲಿ ನಾರಾಯಣಪುರ, ಆಲಮಟ್ಟಿ ಜಲಾಶಯಗಳ ಹಿನ್ನೀರಿಗೆ ಹೊಲ ಮನೆಗಳನ್ನು ಕೊಟ್ಟವರ ಪರಿಹಾರದ ಅರ್ಜಿಗಳು. ನಾಲ್ಕು ಕಡೆಯಲ್ಲೂ ತಪ್ಪದೆ ಇದ್ದುದು ಅಣ್ಣತಮ್ಮಂದಿರ ವಾಟಣಿ ದಾವೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಕೋರ್ಟಿನ ಪಡಸಾಲೆಯ ಎರಡು ತುದಿಗಳಲ್ಲಿ ಬೆನ್ನು ತಿರುಗಿಸಿ ಕುಳಿತು ಬುತ್ತಿ ಬಿಚ್ಚುತ್ತಿದ್ದುದನ್ನು ದಿನವೂ ಕಂಡಿದ್ದೇನೆ.

ಹೊಸ ನ್ಯಾಯಾಧೀಶರು ವರ್ಗವಾಗಿ ಬಂದಾಗ ಕಕ್ಷಿದಾರರು ನಮ್ಮಂತಹ ಸಿಬ್ಬಂದಿಯನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಸಾಹೇಬರು ಯಾವ ಊರವರ್ರಿ? ಯಾರ ಪೈಕಿ?” ಸಿಂದಗಿಯಲ್ಲಿದ್ದಾಗ ಒಬ್ಬ ಹಿರಿಯ ಒಕ್ಕಲಿಗರು ಹೀಗೆಯೇ ಕೇಳಿದರು. ದೂರದ ಜಿಲ್ಲೆಯವರು, ಈ ಕಡೆ ಅವರಿಗೆ ನೆಂಟರಿಷ್ಟರು ಯಾರೂ ಇಲ್ಲ ಎಂದೆ. ಅವರು ರುಮಾಲು ಸರಿಪಡಿಸಿಕೊಂಡು, “ಹಂಗಾದ್ರ ಚೊಲೊ ಆತು ಬಿಡ್ರಿ. ನಮ್ಮೋರೂ ಅಲ್ಲ, ಅವರೋರೂ ಅಲ್ಲ” ಎಂದು ನಿಶ್ಚಿಂತೆಯಿಂದ ಹೋಗಿ ಬೇವಿನ ಮರದ ನೆರಳಿನಲ್ಲಿ ಕುಳಿತರು. ಸಂವಿಧಾನದ ದೊಡ್ಡ ದೊಡ್ಡ ಗ್ರಂಥಗಳು ಹೇಳುವ ತತ್ತ್ವವನ್ನು ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರು ಒಂದೇ ಮಾತಿನಲ್ಲಿ ಹೇಳಿದ್ದರು.

ನಮ್ಮ ಸಂವಿಧಾನ ರಚಿಸಿದವರ ಯೋಚನೆಯೂ ಅದೇ ಆಗಿತ್ತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು 50ನೆಯ ಅನುಚ್ಛೇದ ಸೂಚಿಸುತ್ತದೆ. ಜಿಲ್ಲಾ ನ್ಯಾಯಾಧೀಶರ ನೇಮಕಕ್ಕೆ 233ನೆಯ ಅನುಚ್ಛೇದ, ಕೆಳಗಿನ ನ್ಯಾಯಾಧೀಶರ ನೇಮಕಕ್ಕೆ 234ನೆಯ ಅನುಚ್ಛೇದ ಇವೆ. ನಮ್ಮ ರಾಜ್ಯದಲ್ಲಿ ಸಿವಿಲ್ ನ್ಯಾಯಾಧೀಶರಾಗುವವರು ಉಚ್ಚ ನ್ಯಾಯಾಲಯವು ನಡೆಸುವ ಲಿಖಿತ ಪರೀಕ್ಷೆ, ಮೌಖಿಕ ಪರೀಕ್ಷೆಗಳನ್ನು ದಾಟಿ ಬರಬೇಕು. ಕೆಲವು ವರ್ಷಗಳಿಗೊಮ್ಮೆ ಊರು ಬಿಡಬೇಕು. ಅವರು ಯಾರ ಮತದಿಂದಲೂ ಬಂದವರಲ್ಲ. ಆದ್ದರಿಂದ ತೀರ್ಪು ಬರೆಯುವಾಗ ಮುಂದಿನ ಚುನಾವಣೆಯ ಲೆಕ್ಕ ಹಾಕಬೇಕಾದ ಪ್ರಮೇಯ ಅವರಿಗಿಲ್ಲ.

ಹಾಗೆಂದು ಜನರಿಂದ ಆರಿಸಲ್ಪಟ್ಟ ನ್ಯಾಯದಾನಿಗಳ ಕಲ್ಪನೆ ನಮಗೆ ಅಪರಿಚಿತವೇನೂ ಅಲ್ಲ. ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ ಪಂಚರನ್ನು ಯಾರೂ ಚೀಟಿ ಹಾಕಿ ಆರಿಸುತ್ತಿರಲಿಲ್ಲ, ಆದರೂ ಊರ ಒಪ್ಪಿಗೆಯಿಲ್ಲದೆ ಯಾರೂ ಪಂಚರಾಗುತ್ತಿರಲಿಲ್ಲ. ಕರ್ನಾಟಕದಲ್ಲಿ 1983ರಲ್ಲಿ ರೂಪುಗೊಂಡ ಪಂಚಾಯತ ಕಾಯ್ದೆಯ ಹೆಸರಿನಲ್ಲಿಯೇ ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ ಸಮಿತಿ, ಮಂಡಲ ಪಂಚಾಯತಗಳ ಜೊತೆಗೆ ನ್ಯಾಯ ಪಂಚಾಯತವೂ ಸೇರಿತ್ತು. ಅಬ್ದುಲ್ ನಜೀರ್ ಸಾಬರ ಕಾಲದ ಆ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯತಗಳು, ಜಿಲ್ಲಾ ಪರಿಷತ್ತುಗಳು ಬಂದವು. ನ್ಯಾಯ ಪಂಚಾಯತ ಮಾತ್ರ ಕಾಯ್ದೆಯ ಪುಟದಲ್ಲಿಯೇ ಉಳಿಯಿತು. 1993ರ ಪಂಚಾಯತ ರಾಜ್ ಕಾಯ್ದೆಯಲ್ಲಿ ಅದರ ಹೆಸರೂ ಇಲ್ಲವಾಯಿತು. ಮುಂದೆ ಕೇಂದ್ರ ಸರಕಾರವು 2008ರಲ್ಲಿ ಗ್ರಾಮ ನ್ಯಾಯಾಲಯಗಳ ಕಾಯ್ದೆಯನ್ನು ತಂದಿತು. ಅದರಲ್ಲಿಯೂ ನ್ಯಾಯಾಧಿಕಾರಿಯನ್ನು ನೇಮಿಸಬೇಕೇ ಹೊರತು ಆರಿಸುವಂತಿಲ್ಲ. ಹಳ್ಳಿಗೆ ನ್ಯಾಯ ಹತ್ತಿರ ಬರಬೇಕು, ಆದರೆ ಹಳ್ಳಿಯ ಗುಂಪುಗಾರಿಕೆ ನ್ಯಾಯದ ಹತ್ತಿರ ಬರಬಾರದು ಎಂಬ ಎಚ್ಚರ ಇದರ ಹಿಂದೆ ಇದೆಯೆಂದು ನನ್ನ ತಿಳುವಳಿಕೆ.

ಬೇರೆ ದೇಶಗಳ ದಾರಿ ಬೇರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಒಂದಲ್ಲ ಒಂದು ಹಂತದ ನ್ಯಾಯಾಧೀಶರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಮಿಸಿಸಿಪಿ ರಾಜ್ಯವು 1832ರಷ್ಟು ಹಿಂದೆಯೇ ತನ್ನ ಎಲ್ಲ ನ್ಯಾಯಾಧೀಶರನ್ನು ಚುನಾವಣೆಯ ಮೂಲಕ ಆರಿಸುವ ನಿಯಮ ಮಾಡಿತು. ಟೆಕ್ಸಾಸ್ ರಾಜ್ಯದಲ್ಲಿ ಜಿಲ್ಲಾ ನ್ಯಾಯಾಧೀಶರಾಗುವವರು ಪಕ್ಷದ ಹೆಸರಿನಲ್ಲಿಯೇ ಸ್ಪರ್ಧಿಸುತ್ತಾರೆ. ಮೊದಲು ಸ್ವಪಕ್ಷದೊಳಗಿನ ಚುನಾವಣೆ, ಬಳಿಕ ಎದುರು ಪಕ್ಷದೊಡನೆ ಚುನಾವಣೆ. ನಮ್ಮ ಕನ್ನಡಿಗರು ಗಣನೀಯವಾಗಿ ನೆಲೆಸಿರುವ ಗಡಿಜಿಲ್ಲೆ ಕಾಸರಗೋಡಿನಲ್ಲಿ ಹುಟ್ಟಿದ ಸುರೇಂದ್ರನ್ ಪಟ್ಟೇಲ್ ಎಂಬ ಮಲಯಾಳಿ ಗೃಹಸ್ಥರು 2022ರ ನವೆಂಬರಿನಲ್ಲಿ ಅಲ್ಲಿಯ ಫೋರ್ಟ್ ಬೆಂಡ್ ಕೌಂಟಿಯಲ್ಲಿ ಇಂತಹ ಚುನಾವಣೆ ಗೆದ್ದು, 2023ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ ಪ್ರಮಾಣವಚನ ಸ್ವೀಕರಿಸಿದರು. ಕೂಲಿನಾಲಿ ಮಾಡುವ ತಂದೆತಾಯಿಗಳ ಮಗ; ಎಳೆಯ ವಯಸ್ಸಿನಲ್ಲಿ ಬೀಡಿ ಕಟ್ಟಿದವರು. ಕಾನೂನು ಓದಿ ಹೊಸದುರ್ಗದ ಕೋರ್ಟಿನಲ್ಲಿ ವಕೀಲಿ ಮಾಡಿ, 2007ರಲ್ಲಿ ದಾದಿಯಾಗಿದ್ದ ಹೆಂಡತಿಯೊಡನೆ ಅಮೆರಿಕಕ್ಕೆ ಹೋಗಿ, ಅಲ್ಲಿ ಮತ್ತೆ ಕಾನೂನು ಕಲಿತು, 2017ರಲ್ಲಿ ಅಲ್ಲಿಯ ಪೌರತ್ವ ಪಡೆದವರು. ಅವರ ಉಚ್ಚಾರಣೆಯನ್ನು ಆಡಿಕೊಂಡವರೂ ಇದ್ದರಂತೆ. ಆದರೂ ಜನರು ಅವರನ್ನು ಆರಿಸಿದರು. ಹೊರಗಿನಿಂದ ಬಂದವನಿಗೂ ಬಡವನ ಮಗನಿಗೂ ಚುನಾವಣೆಯು ಒಂದು ಬಾಗಿಲನ್ನು ತೆರೆಯಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆದರೆ ಅದೇ ದೇಶದಲ್ಲಿ ಇನ್ನೊಂದು ನಿದರ್ಶನವೂ ಇದೆ. ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಒಂದು ಕಲ್ಲಿದ್ದಲು ಕಂಪನಿಯ ವಿರುದ್ಧ 5 ಕೋಟಿ ಡಾಲರುಗಳ ಪರಿಹಾರದ ತೀರ್ಪಾಗಿತ್ತು. ಮೇಲ್ಮನವಿ ಇನ್ನೂ ಮೇಲಿನ ಕೋರ್ಟಿಗೆ ಬರುವ ಮುನ್ನ, 2004ರ ಚುನಾವಣೆಯಲ್ಲಿ, ಆ ಕಂಪನಿಯ ಮುಖ್ಯಸ್ಥರು ಒಬ್ಬ ಉಮೇದುವಾರರ ಪರವಾಗಿ ಸುಮಾರು 30 ಲಕ್ಷ ಡಾಲರುಗಳನ್ನು ವೆಚ್ಚ ಮಾಡಿದರು. ಉಮೇದುವಾರರು ಗೆದ್ದು ನ್ಯಾಯಮೂರ್ತಿಗಳಾದರು. ಮೇಲ್ಮನವಿ ಬಂದಾಗ ಪೀಠದಿಂದ ಹಿಂದೆ ಸರಿಯಲೊಪ್ಪದೆ ಕಂಪನಿಯ ಪರವಾದ ಬಹುಮತದಲ್ಲಿ ಸೇರಿದರು. ಅವರು ಹಿಂದೆ ಸರಿಯಲೇಬೇಕಾಗಿತ್ತು ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪು ಕೊಟ್ಟಿತು. ಅದೂ ಐದಕ್ಕೆ ನಾಲ್ಕರ ಅಂತರದಲ್ಲಿ. ಮೆಕ್ಸಿಕೋ ದೇಶವು 2025ರ ಜೂನ್ 1ರಂದು ನ್ಯಾಯಾಧೀಶರ ಚುನಾವಣೆ ನಡೆಸಿದಾಗ ಮತ ಹಾಕಿದವರು ಶೇಕಡಾ 13ರಷ್ಟು ಜನ ಮಾತ್ರ. ಮತ ಕೇಳುವವನು ಜನರನ್ನು ಮೆಚ್ಚಿಸಬೇಕು. ನ್ಯಾಯ ಹೇಳುವವನು ಮೆಚ್ಚದವರ ಮುಂದೆಯೂ ಹೇಳಬೇಕು. ಈ ಎರಡು ಕೆಲಸಗಳು ಒಂದೇ ಕೈಗೆ ಬಂದಾಗ ಎಷ್ಟು ಗಟ್ಟಿ ಮನಸ್ಸಿನವನಿಗೂ ಅದು ಪರೀಕ್ಷೆಯೇ.

ನಮ್ಮಲ್ಲಿ ಆ ಪರೀಕ್ಷೆ ನ್ಯಾಯಾಧೀಶರಿಗೆ ಇಲ್ಲವೆಂದೆ. ಆದರೆ ವಕೀಲರಿಗೆ ಇದೆ. ನಾಲ್ಕೂ ತಾಲ್ಲೂಕುಗಳಲ್ಲಿ ವಕೀಲರ ಸಂಘಗಳಿವೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಗಳಿಗೆ ಕಾಲಕಾಲಕ್ಕೆ ಚುನಾವಣೆಗಳಾಗುತ್ತವೆ. ಕಪ್ಪು ಕೋಟಿನವರ ಒಳಗಿನ ವ್ಯವಹಾರ, ನಮಗೇನು ಎಂದು ಹೊರಗಿನವರು ತಿಳಿಯಬಾರದು. ಸಂಘವು ಒಳ್ಳೆಯದನ್ನು ಮಾಡಲು ಹೊರಟರೆ ಎಷ್ಟು ದೊಡ್ಡದನ್ನು ಮಾಡಬಲ್ಲದೆಂಬುದಕ್ಕೆ ಕಲಬುರಗಿಯ ಹೈಕೋರ್ಟ್ ಪೀಠವೇ ಸಾಕ್ಷಿ. ಒಂದು ಮೇಲ್ಮನವಿಗಾಗಿ ನಮ್ಮ ಭಾಗದ ರೈತನು ಬೆಂಗಳೂರಿಗೆ ಹೋಗಿ ಬರಬೇಕಾಗಿದ್ದ ಕಾಲದಲ್ಲಿ ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದರು. 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರಲ್ಲಿ ಅವು ಕಾಯಂ ಪೀಠಗಳಾದವು. ನಮ್ಮ ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರಿದೆ.

ಅದೇ ಸಂಘವು ಅಡ್ಡದಾರಿ ಹಿಡಿದರೆ ಪೆಟ್ಟು ಬೀಳುವುದು ಹಳ್ಳಿಯಿಂದ ಬಂದ ಕಕ್ಷಿದಾರನಿಗೆ. ನನ್ನ ಸೇವಾವಧಿಯಲ್ಲಿ ಒಂದು ಕಡೆ, ಸಣ್ಣ ಕಾರಣಕ್ಕಾಗಿ, ಹಲವು ದಿನ ಕಲಾಪ ಬಹಿಷ್ಕಾರ ನಡೆಯಿತು. ಜೀವನಾಂಶದ ಅರ್ಜಿ ಹಾಕಿದ್ದ ಒಬ್ಬ ತಾಯಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮೂರು ತಾರೀಖಿಗೆ ಬಂದಳು. ಮೂರು ಸಲವೂ ಮುದ್ದತು ಹಾಕಿ ಕಳಿಸಬೇಕಾಯಿತು. ಮೂರನೆಯ ಸಲ ಅವಳು ನನ್ನ ಮೇಜಿನ ಮುಂದೆ ನಿಂತು, “ಅಣ್ಣಾರ, ಬರೂ ಬಸ್ಸಿನ ರೊಕ್ಕ ಕೈಗಡ ತಂದೀನ್ರಿ. ಮುಂದಿನ ತಾರೀಖಿಗೆ ಯಾರು ಕೊಡ್ತಾರ?” ಎಂದಳು. ಉತ್ತರ ನನ್ನಲ್ಲಿರಲಿಲ್ಲ. ಮುಂದೆ 2002ರ ಡಿಸೆಂಬರಿನಲ್ಲಿ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ವಕೀಲರಿಗೆ ಮುಷ್ಕರ ಹೂಡುವ ಹಕ್ಕಾಗಲಿ, ಬಹಿಷ್ಕಾರಕ್ಕೆ ಕರೆ ಕೊಡುವ ಹಕ್ಕಾಗಲಿ ಇಲ್ಲವೆಂದು ಹೇಳಿತು. ಆ ತೀರ್ಪನ್ನು ಓದಿದಾಗ ನನಗೆ ನೆನಪಾದದ್ದು ಕೈಗಡದ ಬಸ್ಸಿನ ರೊಕ್ಕ.

ಇಷ್ಟು ಪೀಠಿಕೆಯ ಬಳಿಕ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣನ ಮಗ ನಮ್ಮ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ವಕೀಲ. ಕೆಲವು ವರ್ಷಗಳ ಹಿಂದೆ ಅವನು ತನ್ನ ಸಂಘದ ಅಧ್ಯಕ್ಷ ಸ್ಥಾನಕ್ಕೆ ಉಮೇದುವಾರನಾಗಿ ನಿಂತ. ಕಾರಣವಿಲ್ಲದ ಬಹಿಷ್ಕಾರಕ್ಕೆ ಅವಕಾಶವಿಲ್ಲ, ಕಕ್ಷಿದಾರರಿಗೆ ಕೂಡಲು ನೆರಳು, ಹೆಣ್ಣುಮಕ್ಕಳಿಗೆ ಶೌಚಾಲಯ, ಸಂಘದ ಲೆಕ್ಕಪತ್ರ ಎಲ್ಲರಿಗೂ ಕಾಣುವಂತೆ ಗೋಡೆಗೆ, ಇಷ್ಟೇ ಅವನ ಪ್ರಣಾಳಿಕೆ. ಎದುರಾಳಿಯೂ ಕೆಟ್ಟವರಲ್ಲ, ವಯಸ್ಸಿನಲ್ಲಿ ಹಿರಿಯರು, ನಗುಮುಖದವರು.

ಮತದಾನಕ್ಕೆ ಎಂಟು ದಿನ ಇರುವಾಗ ಅಣ್ಣನ ಮನೆಯಲ್ಲಿ ಬಂಧುಬಳಗದ ಹಿರಿಯರು ಕೂಡಿದರು. ನನ್ನನ್ನೂ ಕರೆಸಿದ್ದರು. ಚಹಾ ಆದ ಮೇಲೆ ಒಬ್ಬರು ಕಿಸೆಯಿಂದ ವಕೀಲರ ಹೆಸರಿನ ಪಟ್ಟಿ ತೆಗೆದು, ಕೆಂಪು ಶಾಯಿಯಿಂದ ಗುರುತು ಹಾಕತೊಡಗಿದರು. ಇವರು ನಮ್ಮವರು, ಇವರು ನಮ್ಮವರಾದರೂ ಒಳಪಂಗಡ ಬೇರೆ, ಇವರ ಬೀಗರಿಗೆ ಹೇಳಿಸಬೇಕು, ಇವರಿಗೆ ಮಠದ ಕಡೆಯಿಂದ ಒಂದು ಮಾತು ಬರಬೇಕು, ಹೀಗೆ. ಯಾರ ಪೈಕಿ ಎಂದು ಕೇಳಬಾರದೆಂದು ಎಂಟು ನೂರು ವರ್ಷಗಳ ಹಿಂದೆಯೇ ತಿಳಿಹೇಳಿದ ಬಸವಣ್ಣನವರ ಜನ್ಮನೆಲದಲ್ಲಿ ಕುಳಿತು ಆ ಪಟ್ಟಿಯನ್ನು ನೋಡುವುದು ಮನಸ್ಸಿಗೆ ಹಿತವಾಗಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಮಾತು ಇನ್ನೂ ಬರುವುದಿತ್ತು.

ಆ ಸಮಯದಲ್ಲಿ ತಾಲ್ಲೂಕಿನಲ್ಲಿ ಒಂದು ಕೊಲೆಯಾಗಿತ್ತು. ತೀರಿಕೊಂಡವರು ನಮ್ಮ ಬೀಗರ ಪೈಕಿ ಒಬ್ಬ ಹಿರಿಯರು, ಹತ್ತು ಹಳ್ಳಿಗೆ ಬೇಕಾದವರು. ಪೋಲೀಸರು ಹಿಡಿದದ್ದು ಅವರ ಹೊಲದಲ್ಲಿ ವರ್ಷದ ಸಂಬಳಕ್ಕೆ ಇದ್ದ ಆಳುಮಗನನ್ನು. ಜನರ ರೋಷ ತಡೆಯಲಾಗದಂತಿತ್ತು. ಪಟ್ಟಿ ಹಿಡಿದ ಹಿರಿಯರು ನಮ್ಮ ಹುಡುಗನ ಕಡೆಗೆ ತಿರುಗಿ ಹೇಳಿದರು: “ನೋಡಪಾ ತಮ್ಮಾ, ಹದಿನೈದು ಮತ ಒಂದs ಗಂಟಿನ್ಯಾಗ ಬರ್ತಾವ. ಅವರು ಕೇಳೂದು ಒಂದs ಮಾತು. ನೀ ಅಧ್ಯಕ್ಷ ಆದ ಮೊದಲನೇ ಸಭಾದಾಗ ಠರಾವು ಮಾಡಬೇಕು. ಆ ಮಗನ ವಕಾಲತ್ತು ನಮ್ಮ ಬಾರಿನ್ಯಾಗ ಯಾರೂ ಹಾಕಬಾರದು.”

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ನನ್ನ ಅತ್ತಿಗೆಯ ಕಣ್ಣು ಮಗನ ಮುಖದ ಮೇಲಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಕಾಕಾರ, ಆ ಹಿರೇರ ತೊಡಿ ಮ್ಯಾಲೆ ಕುಂತು ನಾನೂ ಬೆಳದೀನ್ರಿ. ಆದ್ರ ಈ ಮಾತು ಕೊಡಾಕ ಬರಂಗಿಲ್ರಿ. ವಕೀಲ ಇಲ್ಲದs ಶಿಕ್ಷಾ ಆದ್ರ ಅದು ನಿಲ್ಲಂಗಿಲ್ರಿ. ಮ್ಯಾಲಿನ ಕೋರ್ಟಿನ್ಯಾಗ ಬಿದ್ದು ಹೊಕ್ಕೈತ್ರಿ. ಮತ್ತ ಮೊದಲಿಂದ ನಡಸ್ರಿ ಅಂತಾರ. ಆಗ ನಮ್ಮ ಬೀಗರs ಮತ್ತೊಮ್ಮೆ ಸಾಕ್ಷಿಕಟ್ಟಿ ಹತ್ತಬೇಕ್ರಿ.”

“ಹಂಗಾದ್ರ ಮತಾ ಬ್ಯಾಡೇನು?” ಎಂದು ಹಿರಿಯರು ಸಿಟ್ಟಿನಿಂದ ಕೇಳಿದರು.

“ಬೇಕ್ರಿ. ಈ ಕರಾರಿನ ಮ್ಯಾಲೆ ಬ್ಯಾಡ್ರಿ” ಎಂದ.

ಎಲ್ಲರೂ ನನ್ನ ಕಡೆ ನೋಡಿದರು. ಕೋರ್ಟಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ಹುಡುಗನಿಗೆ ಬುದ್ಧಿ ಹೇಳಲಿ ಎಂಬುದು ಅವರ ನಿರೀಕ್ಷೆ. ನಾನು ಕಂಡದ್ದನ್ನೇ ಹೇಳಿದೆ. ಮುಂಬಯಿಯ ಮೇಲೆ 2008ರಲ್ಲಿ ದಾಳಿ ಮಾಡಿದ ಕಸಬ್‌ನಿಗೂ ಈ ದೇಶ ವಕೀಲರನ್ನು ಒದಗಿಸಿತು. ಆಮೇಲೆಯೇ ಗಲ್ಲು ಶಿಕ್ಷೆ ಆದದ್ದು, 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು. ಬಂಧಿತನಾದವನಿಗೆ ತನ್ನ ಇಷ್ಟದ ವಕೀಲರ ಮೂಲಕ ವಾದಿಸುವ ಹಕ್ಕನ್ನು ಸಂವಿಧಾನದ 22ನೆಯ ಅನುಚ್ಛೇದ ಕೊಟ್ಟಿದೆ. ಕೊಯಮತ್ತೂರಿನ ವಕೀಲರು ಕೆಲವು ಪೋಲೀಸರ ಪರವಾಗಿ ಯಾರೂ ನಿಲ್ಲಬಾರದೆಂದು ಠರಾವು ಮಾಡಿದಾಗ, ಇಂತಹ ಠರಾವುಗಳೆಲ್ಲ ಶೂನ್ಯ, ವಕೀಲಿ ವೃತ್ತಿಯ ಧರ್ಮಕ್ಕೆ ವಿರುದ್ಧ ಎಂದು ಸರ್ವೋಚ್ಚ ನ್ಯಾಯಾಲಯವು 2010ರ ಡಿಸೆಂಬರಿನಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. “ನಾಳೆ ನಮ್ಮ ಮನೆಯ ಹುಡುಗನ ಮೇಲೆಯೇ ಯಾರಾದರೂ ಸುಳ್ಳು ಫಿರ್ಯಾದಿ ಕೊಟ್ಟರೆ, ಬೇರೆ ಜನ ಹೀಗೆಯೇ ಠರಾವು ಮಾಡಿದರೆ ನಾವು ಯಾರ ಬಾಗಿಲಿಗೆ ಹೋಗೋಣ?” ಎಂದು ಕೇಳಿದೆ. ಹಿರಿಯರು ಪಟ್ಟಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡರು. ಊಟಕ್ಕೆ ನಿಲ್ಲದೆ ಹೋದರು.

ಚುನಾವಣೆಯಲ್ಲಿ ನಮ್ಮ ಹುಡುಗ ಕೆಲವೇ ಮತಗಳ ಅಂತರದಿಂದ ಸೋತ. ಗಂಟಿನ ಹದಿನೈದು ಮತಗಳು ಬಂದಿದ್ದರೆ ಗೆಲ್ಲುತ್ತಿದ್ದನೆಂಬುದು ಎಲ್ಲರಿಗೂ ಗೊತ್ತಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮವರೇ ಆದ ಕೆಲವು ಕಕ್ಷಿದಾರರು ಬಂದು ತಮ್ಮ ಫೈಲುಗಳನ್ನು ತೆಗೆದುಕೊಂಡು ಹೋದರು. ಅತ್ತಿಗೆ ಒಂದು ದಿನ ನನ್ನೆದುರು, “ಮೈದುನ್ರ, ನಿಮ್ಮ ಮಾತು ಖರೆ. ಆದ್ರ ಎರಡು ಕೂಸು ಸಾಲಿಗೆ ಹೊಂಟಾವು, ಮನಿ ಸಾಲ ಐತಿ” ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು. ಸರಿಯಾದ ಮಾತಾಡಿದವನ ಮನೆಯ ಒಲೆ ಆ ಮಾತಿನಿಂದಲೇ ಉರಿಯುವುದಿಲ್ಲ. ಇದನ್ನು ಮರೆಮಾಚಿ ಧರ್ಮದ ಉಪದೇಶ ಮಾಡುವುದು ನನಗೆ ಒಗ್ಗದು.

ಗೆದ್ದವರು ಕೊಟ್ಟ ಮಾತಿನಂತೆ ಠರಾವನ್ನು ಸಭೆಯ ಮುಂದೆ ತಂದರು. ನಮ್ಮ ಹುಡುಗ ಸಾಮಾನ್ಯ ಸದಸ್ಯನಾಗಿ ಎದ್ದುನಿಂತು 2010ರ ತೀರ್ಪಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ತನ್ನ ವಿರೋಧವನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂದು ಕೇಳಿದ. ಆಗ ಅವನಿಗೆ ಮತ ಹಾಕದೆ ಇದ್ದ ಇಬ್ಬರು ಹಿರಿಯ ವಕೀಲರೂ ಎದ್ದು ನಿಂತರು. ನಾವು ಹಾಕಿಕೊಂಡ ಕಪ್ಪು ಕೋಟಿಗೆ ಅರ್ಥ ಬೇಡವೇ ಎಂದು ಅವರಲ್ಲಿ ಒಬ್ಬರು ಕೇಳಿದರಂತೆ. ಬಹಳ ಹೊತ್ತಿನ ಚರ್ಚೆಯ ಬಳಿಕ ಅಧ್ಯಕ್ಷರೇ ಠರಾವನ್ನು ಹಿಂದಕ್ಕೆ ಪಡೆದರು. ಅವರ ದೊಡ್ಡತನವನ್ನೂ ಇಲ್ಲಿ ಹೇಳಲೇಬೇಕು; ಸಭೆಯ ನಂತರ ಅವರು ನಮ್ಮ ಹುಡುಗನ ಹೆಗಲ ಮೇಲೆ ಕೈಯಿಟ್ಟು ಚಹಾಕ್ಕೆ ಕರೆದುಕೊಂಡು ಹೋದರು.

ಆರೋಪಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಒಬ್ಬ ವಕೀಲರು ದೊರೆತರು. ವಿಚಾರಣೆ ನಡೆಯಿತು, ಸಾಕ್ಷಿಗಳನ್ನು ಆ ವಕೀಲರು ಬಿಡದೆ ಪ್ರಶ್ನಿಸಿದರು. ಕೊನೆಗೆ ಅಪರಾಧ ಸಿದ್ಧವಾಗಿ ಶಿಕ್ಷೆಯಾಯಿತು. ತೀರ್ಪಾದ ಕೆಲವು ದಿನಗಳ ಮೇಲೆ ಬೀಗರ ಮನೆಗೆ ಹೋಗಿದ್ದೆ. ತೀರಿಕೊಂಡವರ ಪತ್ನಿ, ಎಪ್ಪತ್ತು ದಾಟಿದ ಆ ಅವ್ವ, ನನ್ನನ್ನು ಕೂಡಿಸಿಕೊಂಡು ಹೇಳಿದ ಮಾತು ಇದು: “ಅವನ ವಕೀಲ ಏನೆಲ್ಲಾ ಕೇಳಿದಾರಿ. ನನಗ ಆಗ ಭಾಳ ಸಂಕಟ ಆತು. ಆದ್ರ ಎಲ್ಲಾದಕ್ಕೂ ಉತ್ತರಾ ಬಂತು. ಈಗ ರಾತ್ರಿ ಮಲಗಿದ್ರ, ಆ ಹುಡುಗ ಅಲ್ಲದs ಮತ್ಯಾರರ ಇದ್ದಾರೇನು ಅಂತ ಅನುಮಾನ ಬರಂಗಿಲ್ರಿ.” ಎದುರಿನವನ ಮಾತನ್ನೂ ಕೇಳಿ ಕೊಟ್ಟ ತೀರ್ಪು ನೊಂದವರಿಗೂ ನೆಮ್ಮದಿ ಕೊಡುತ್ತದೆ ಎಂಬುದನ್ನು ನನ್ನ ಇಡೀ ಸೇವಾವಧಿಯಲ್ಲಿ ಯಾರೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ವಿಜಾಪುರದ ವಕೀಲರೆಂದಾಗ ನಮ್ಮ ಸಮಾಜದ ಎಲ್ಲರಿಗೂ ನೆನಪಾಗುವ ಹೆಸರು ಫ. ಗು. ಹಳಕಟ್ಟಿಯವರದು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲಿ ಮಾಡಿದ ಅವರು, ಆ ವೃತ್ತಿಯಿಂದ ಬಂದುದನ್ನು ತಾಡೋಲೆಗಳ ಸಂಗ್ರಹಕ್ಕೂ ಮುದ್ರಣಕ್ಕೂ ಸುರಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕುಗಳನ್ನು ಕಟ್ಟಿದರು. 1964ರಲ್ಲಿ ಲಿಂಗೈಕ್ಯರಾದ ಅವರನ್ನು ನಾವು ಇಂದಿಗೂ ಸ್ಮರಿಸುತ್ತೇವೆ. ಅವರು ಯಾವ ಯಾವ ಸ್ಥಾನಗಳನ್ನು ಅಲಂಕರಿಸಿದರೆಂಬುದನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು? ನಾವು ನೆನೆಯುವುದು ಅವರ ಕೆಲಸವನ್ನು. ನಮ್ಮ ಮನೆಗಳ ಯುವ ವಕೀಲರು ಚುನಾವಣೆಗೆ ನಿಂತಾಗ ಈ ಹಿರಿಯರ ಭಾವಚಿತ್ರ ಅವರ ಮೇಜಿನ ಮುಂದೆ ಇರಲಿ.

ಓದುಗ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ನನ್ನದೊಂದು ವಿನಂತಿ. ವಕೀಲರ ಸಂಘದ ಚುನಾವಣೆಯಲ್ಲಿ ನಮಗೆ ಮತವಿಲ್ಲ, ನಿಜ. ಆದರೆ ಮತವಿರುವವರು ನಮ್ಮ ಮನೆಗಳಲ್ಲಿದ್ದಾರೆ. ಮಗ, ಅಳಿಯ, ಈಗೀಗ ಮಗಳು, ಸೊಸೆ ಕೂಡ. ಅವರಿಗೆ ನಾವು ದೂರವಾಣಿ ಮಾಡುವುದಿದ್ದರೆ “ನಮ್ಮವರಿಗೆ ಹಾಕು” ಎಂದು ಹೇಳಲು ಮಾಡುವುದು ಬೇಡ. ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಉಮೇದುವಾರ ಕಾರಣವಿಲ್ಲದೆ ಕೋರ್ಟು ಬಂದು ಮಾಡಿಸುವವನೇ? ಸಂಘದ ಲೆಕ್ಕ ತೋರಿಸುವವನೇ? ಊರೆಲ್ಲ ದ್ವೇಷಿಸುವ ಮನುಷ್ಯನಿಗೂ ಒಬ್ಬ ವಕೀಲ ಸಿಗಲಿ ಎನ್ನುವ ಧೈರ್ಯ ಇವನಿಗಿದೆಯೇ? ನಾಳೆ ನಾವೇ ಹೋಗಿ ಒಂದು ಅಡ್ಡ ಕೆಲಸ ಹೇಳಿದರೆ, ಆಗುವುದಿಲ್ಲ ಎಂದು ನಮಗೆ ಹೇಳಬಲ್ಲನೇ? ಇನ್ನೊಂದು ಮಾತನ್ನೂ ಮನೆಯಲ್ಲಿ ಎಲ್ಲರಿಗೂ ತಿಳಿಸಿಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ದೊರೆಯುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿಯೇ ಅದರ ಸಮಿತಿ ಇರುತ್ತದೆ. ಒಂದು ಬಿಳಿಯ ಹಾಳೆಯ ಅರ್ಜಿ ಸಾಕು.

ನಮ್ಮ ಹುಡುಗ ಆಮೇಲೆ ಇನ್ನೊಮ್ಮೆ ಚುನಾವಣೆಗೆ ನಿಂತಿಲ್ಲ. ಹೋದ ಫೈಲುಗಳಲ್ಲಿ ಕೆಲವು ತಿರುಗಿ ಬಂದಿವೆ, ಕೆಲವು ಬಂದಿಲ್ಲ. ಪಟ್ಟಿ ಹಿಡಿದು ಬಂದಿದ್ದ ಆ ಹಿರಿಯರು ಮಾತ್ರ ಕಳೆದ ವರ್ಷ ತಮ್ಮ ಅಣ್ಣತಮ್ಮಂದಿರ ವಾಟಣಿಯ ಕಾಗದಪತ್ರಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ನೇರವಾಗಿ ಅವನ ಕಚೇರಿಗೇ ಬಂದರು. ಏಕೆ ಬಂದಿರೆಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚೀಲ ಬಿಚ್ಚಿ ಮೇಜಿನ ಮೇಲಿಟ್ಟು, “ಎಲ್ಲಾ ನೋಡು ತಮ್ಮಾ. ನನ್ನ ತಪ್ಪಿದ್ದಲ್ಲಿ ತಪ್ಪು ಅಂತನs ಹೇಳು” ಎಂದರಂತೆ.